ಸರ್ಕಾರಿ ಜಾಲಿಯ ಋಣ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿದಾಗ, "ಕಂಪ್ಯೂಟರ್ ಬಗ್ಗೆ, ಬೆಂಗಳೂರಿನ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಪ್ಪ, ಮಕ್ಕಳಿಗೆ ಹುರುಪು ಬರ್ತದ" ಅಂದಿದ್ದರು. ಹೂಂ ಅಂದಿದ್ದೆ. ಆದರೆ ಮೊನ್ನೆ ಸಂಜೆ ಬಸ್ಸಿಳಿದು ನೇರ ಶಾಲೆಗೆ ಬಂದು ಹಿಂದಿನ ಮೈದಾನದ ಕಡೆ ಹೋದೆ. ನಾವು ಕಬಡ್ಡಿ ಆಡುತ್ತಿದ್ದ ಅಂಕಣ ಎಲ್ಲಿತ್ತು ಅಂತ ಗುರುತು ಸಿಗಲಿಲ್ಲ. ಅರ್ಧ ಮೈದಾನವನ್ನು ಸರ್ಕಾರಿ ಜಾಲಿ ನುಂಗಿದೆ. ಚೆಂಡು ಒಳಗೆ ಹೋದರೆ ಬಿಟ್ಟುಬಿಡಬೇಕು, ತರಲು ಹೋದರೆ ಮುಳ್ಳು ಅಂತ ಅಲ್ಲಿದ್ದ ಹುಡುಗರು ಹೇಳಿದರು. ಅದಕ್ಕೇ ಕಂಪ್ಯೂಟರನ್ನು ಪಕ್ಕಕ್ಕಿಟ್ಟು, ಇವತ್ತು ಈ ಜಾಲಿಯ ಬಗ್ಗೆ ಮಾತಾಡುತ್ತೇನೆ. ಸಮಿತಿಯವರು ಕ್ಷಮಿಸಬೇಕು.

ಶುರುವಿನಲ್ಲೇ ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ನಾನು ಬಿಇ ಓದಿದ್ದು ಇದೇ ಜಾಲಿಯ ದುಡ್ಡಿನಲ್ಲಿ.

ನಮ್ಮಪ್ಪ ಇದ್ದಿಲು ಸುಡುತ್ತಿದ್ದರು ಅನ್ನುವುದು ಇಲ್ಲಿರುವ ಹಿರಿಯರಿಗೆಲ್ಲ ಗೊತ್ತು. ಜಾಲಿ ಕಡಿದು, ಕೊರಡುಗಳನ್ನು ಗುಡ್ಡೆ ಒಟ್ಟಿ, ಮೇಲೆ ಹಸಿ ಸೊಪ್ಪು ಹಾಸಿ, ಕೆಸರು ಮೆತ್ತಿ, ಗಾಳಿಯಾಡಲು ಅಲ್ಲಲ್ಲಿ ಕಿಂಡಿ ಬಿಟ್ಟು ಬೆಂಕಿ ಇಡುತ್ತಿದ್ದರು. ಅದು ದಿನಗಟ್ಟಲೆ ಒಳಗೊಳಗೇ ಬೇಯಬೇಕು. ಎಲ್ಲಾದರೂ ಮಣ್ಣು ಬಿರುಕು ಬಿಟ್ಟು ಗಾಳಿ ಹೊಕ್ಕರೆ ಒಳಗಿನದೆಲ್ಲ ಬೂದಿ. ಹಾಗಾಗಿ ರಾತ್ರಿಯೂ ಭಟ್ಟಿಯ ಪಕ್ಕದಲ್ಲೇ ಮಲಗುತ್ತಿದ್ದರು. ದಟ್ಟ ಬಿಳಿ ಹೊಗೆ ತೆಳುವಾಗಿ ನೀಲಿಗೆ ತಿರುಗಿತೆಂದರೆ ಕಿಂಡಿ ಮುಚ್ಚುವ ಹೊತ್ತು. ಆ ಹೊಗೆಯ ಬಣ್ಣ ನೋಡಲು ನಾನು ಎಂಟನೇ ತರಗತಿಯಲ್ಲೇ ಕಲಿತಿದ್ದೆ. 2008ರಲ್ಲಿ ಸಿಇಟಿಯಲ್ಲಿ ಸೀಟು ಸಿಕ್ಕಾಗ ಮೊದಲ ವರ್ಷದ ಫೀಜು ಕಟ್ಟಿದ್ದು ಇದ್ದಿಲಿನ ಚೀಲ ಮಾರಿ. ಅವ್ವನ ಅಂಗೈಯಲ್ಲಿ ಮುರಿದು ಉಳಿದ ಮುಳ್ಳಿನ ಕಪ್ಪು ಚುಕ್ಕಿಗಳು ಇನ್ನೂ ಇವೆ. ಆದ್ದರಿಂದ ಈ ಗಿಡವನ್ನು ಬೈಯುವ ಅಧಿಕಾರ ನನಗೆ ಎಷ್ಟಿದೆ ಅಂತ ನಾನೇ ಕೇಳಿಕೊಂಡಿದ್ದೇನೆ.

ಆದರೆ ನಮ್ಮಪ್ಪ ಇದ್ದಿಲಿನ ಕೆಲಸಕ್ಕೆ ಬಂದದ್ದು ಯಾಕೆ? ನಮ್ಮದು ಕುರಿ ಕಾಯುವ ಮನೆ. ಅಜ್ಜನ ಹತ್ತಿರ ಎಂಬತ್ತು ಕುರಿ ಇದ್ದವಂತೆ. ಊರ ಮುಂದಿನ ಗಾಯರಾಣದಲ್ಲಿ ಮಳೆಗಾಲ ಕಳೆದ ಮೇಲೆ ಕರಡ ಮೊಳಕಾಲುಮಟ ನಿಲ್ಲುತ್ತಿತ್ತು, ನಡುನಡುವೆ ಬಾರಿ, ಕಾರಿ, ಕವಳಿ, ತಂಗಡಿ ಇದ್ದವು ಅಂತ ಹೇಳುತ್ತಿದ್ದರು. ಅಪ್ಪನ ಕಾಲಕ್ಕೆ ಅಲ್ಲಿ ಜಾಲಿ ಹಬ್ಬಿತು. ಕುರಿ ಅದರ ಎಲೆ ತಿನ್ನುವುದಿಲ್ಲ, ಅದರ ಬುಡದಲ್ಲಿ ಹುಲ್ಲು ಬೆಳೆಯುವುದಿಲ್ಲ. ಎಂಬತ್ತು ಇದ್ದದ್ದು ಇಪ್ಪತ್ತಾಯಿತು, ಆಮೇಲೆ ಅದನ್ನೂ ಮಾರಿದರು. ಅಂದರೆ ಅಜ್ಜನ ಹುಲ್ಲು ತಿಂದ ಗಿಡವೇ ಮೊಮ್ಮಗನ ಫೀಜು ಕಟ್ಟಿತು. ನನ್ನ ಕಥೆ ಇಷ್ಟೇ. ಈ ಗಿಡ ಇಲ್ಲಿಗೆ ಹೇಗೆ ಬಂತು, ಬಂದು ಏನು ಮಾಡಿತು ಅನ್ನುವುದನ್ನು ಇನ್ನು ಹೇಳುತ್ತೇನೆ.

ರಾಜ್ಯದ ಬೇರೆ ಕಡೆ ಇದನ್ನು ಬಳ್ಳಾರಿ ಜಾಲಿ ಅನ್ನುತ್ತಾರೆ. ಬಳ್ಳಾರಿಯವರು ಇದನ್ನು ತಮ್ಮದೆಂದು ಒಪ್ಪುವುದಿಲ್ಲ. ಕೆಲವು ಕಡೆ ಪೀಕಜಾಲಿ. ನಮಗಂತೂ ಸರ್ಕಾರಿ ಜಾಲಿ. ನಾವೂ ಸರ್ಕಾರಿ ಶಾಲೆಯವರು, ಅದೂ ಸರ್ಕಾರಿ. ಅದಕ್ಕೇ ಇರಬೇಕು, ಕಾಂಪೌಂಡ್ ದಾಟಿ ಹಕ್ಕಿನಿಂದ ಒಳಗೆ ಬಂದಿದೆ! ವಿಜ್ಞಾನಿಗಳು ಇಟ್ಟ ಹೆಸರು ಪ್ರೊಸೋಪಿಸ್ ಜೂಲಿಫ್ಲೋರಾ. ಇದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರ ಭಾಗ.

1876ರಲ್ಲಿ ಮದರಾಸು ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಬೆಡ್ಡೋಮ್ ಈ ಗಿಡದ ಬೀಜ ತರಿಸಬೇಕೆಂದು ಸರ್ಕಾರಕ್ಕೆ ಬರೆದರು. ಜಮೈಕಾದಿಂದ ಬಂದ ಬೀಜವನ್ನು 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಬಿತ್ತಿದರು. ಆಗ ದಕ್ಷಿಣ ಭಾರತದಲ್ಲಿ ಮಹಾಬರ. ಒಣ ನೆಲ, ಸೌದೆಗೆ ಕೊರತೆ. ನೀರು ಕೇಳದ, ಬೇಗ ಬೆಳೆಯುವ, ಚೆನ್ನಾಗಿ ಉರಿಯುವ ಮರ ಸಿಕ್ಕರೆ ಯಾರು ಬೇಡ ಅಂತಾರೆ? ಮುಂದೆ ಸ್ವಾತಂತ್ರ್ಯ ಬಂದ ಮೇಲೂ ಕೆರೆ ಅಂಗಳ, ರಸ್ತೆ ಬದಿ, ಬೀಳು ನೆಲ ಅಂತ ಎಲ್ಲೆಲ್ಲೂ ಇದನ್ನೇ ಹಾಕಿದರು. ಕೆಟ್ಟದ್ದು ಮಾಡಬೇಕೆಂದು ಯಾರೂ ತಂದದ್ದಲ್ಲ. ಒಂದು ಕಷ್ಟಕ್ಕೆ ಪರಿಹಾರ ಅಂತ ತಂದರು. ಆ ಕಷ್ಟಕ್ಕೆ ಅದು ಪರಿಹಾರವೂ ಆಯಿತು. ಅಲ್ಲಿಗೆ ನಿಲ್ಲಲಿಲ್ಲ ಅನ್ನುವುದೇ ತೊಂದರೆ.

ಮಕ್ಕಳೇ, ಹೊರಗಿನಿಂದ ಬಂದ ಗಿಡಗಳಲ್ಲಿ ಕೆಲವು ಮಾತ್ರ ಹೀಗೆ ಹಬ್ಬುತ್ತವೆ. ಈ ಜಾಲಿ ಹಬ್ಬಲು ನಾಲ್ಕು ಕಾರಣ ಹೇಳುತ್ತೇನೆ.

ಒಂದು, ಬೀಜ. ಇದರ ಕಾಯಿ ಸಿಹಿ. ಬೇಸಿಗೆಯಲ್ಲಿ ಬೇರೇನೂ ಇಲ್ಲದಾಗ ಕುರಿ, ಮೇಕೆ, ದನ ಆಸೆಯಿಂದ ತಿನ್ನುತ್ತವೆ. ಬೀಜದ ಸಿಪ್ಪೆ ಗಟ್ಟಿ, ಹೊಟ್ಟೆಯಲ್ಲಿ ಕರಗುವುದಿಲ್ಲ, ತುಸು ಮೆತ್ತಗಾಗುತ್ತದೆ ಅಷ್ಟೇ. ಹಿಕ್ಕೆಯ ಜೊತೆ ಹೊರಬಂದಾಗ ಮೊಳೆಯಲು ತಯಾರು, ಗೊಬ್ಬರವೂ ಜೊತೆಗೇ. ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿಸುತ್ತಿದ್ದೆವಲ್ಲ, ಆಗ ಈ ಬೀಜವನ್ನೂ ನಾವೇ ಬಿತ್ತಿಸಿಕೊಂಡೆವು. ತಮ್ಮ ಹುಲ್ಲು ಕಳೆದ ಗಿಡವನ್ನು ನಮ್ಮ ಕುರಿಗಳೇ ನೆಟ್ಟವು.

ಎರಡು, ಬೇರು. ಇದೇ ಕುಲದ ಮರವೊಂದರ ಬೇರು ಅಮೆರಿಕದ ಅರಿಜೋನಾದ ಗಣಿಯಲ್ಲಿ 50 ಮೀಟರಿಗೂ ಹೆಚ್ಚು ಆಳದಲ್ಲಿ ಸಿಕ್ಕಿದ್ದು ದಾಖಲೆಯಲ್ಲಿದೆ. ಹುಲ್ಲಿನ ಬೇರಿಗೆ ನೀರು ಸಿಗದ ಬೇಸಿಗೆಯಲ್ಲೂ ಜಾಲಿ ಹಸಿರಾಗಿರುವ ಗುಟ್ಟು ಇದೇ.

ಮೂರು, ಎಲೆ. ಉದುರಿದ ಎಲೆಯಿಂದ ಮಣ್ಣಿಗಿಳಿಯುವ ಕೆಲವು ರಾಸಾಯನಿಕಗಳು ಬೇರೆ ಬೀಜ ಮೊಳೆಯುವುದನ್ನು ತಡೆಯುತ್ತವೆ. ಮೇಲಿನಿಂದ ನೆರಳು, ಕೆಳಗಿನಿಂದ ಈ ತಡೆ. ಹುಲ್ಲು ಎಲ್ಲಿಂದ ಏಳಬೇಕು?

ನಾಲ್ಕು, ಬುಡ. ಕಡಿದರೆ ಸಾಯುವುದಿಲ್ಲ. ಒಂದು ಕಾಂಡ ಕಡಿದಲ್ಲಿ ಐದು ಚಿಗುರುತ್ತವೆ. ಇದ್ದಿಲು ಸುಡುವವರಿಗೆ ಇದು ವರ. ನಮ್ಮಪ್ಪ ಕಡಿದ ಜಾಲಿಯನ್ನೇ ಮೂರ್ನಾಲ್ಕು ವರ್ಷಕ್ಕೆ ಮತ್ತೆ ಕಡಿಯುತ್ತಿದ್ದರು. ಗಾಯರಾಣಕ್ಕೆ ಮಾತ್ರ ಅದೇ ಶಾಪ.

ತವರಿನಲ್ಲೂ ಈ ಗುಣಗಳೆಲ್ಲ ಅದಕ್ಕೆ ಇದ್ದವು. ಆದರೆ ಅಲ್ಲಿ ಅದರ ಬೀಜ ಕೊರೆಯುವ ಹುಳು, ಎಲೆ ತಿನ್ನುವ ಕೀಟ, ಜೊತೆಗೆ ಪೈಪೋಟಿ ಮಾಡುವ ಗಿಡ ಎಲ್ಲವೂ ಸಾವಿರಾರು ವರ್ಷಗಳಿಂದ ಕೂಡಿ ಬೆಳೆದು ಒಂದಕ್ಕೊಂದು ಕಡಿವಾಣ ಹಾಕಿಕೊಂಡಿದ್ದವು. ನಾವು ಬೀಜ ಮಾತ್ರ ತಂದೆವು, ಕಡಿವಾಣ ಅಲ್ಲೇ ಉಳಿಯಿತು. ನನ್ನ ಕೆಲಸದಲ್ಲೂ ಇಂಥದ್ದು ಆಗುತ್ತದೆ. ಬೇರೆ ಕಡೆ ಚೆನ್ನಾಗಿ ಓಡುತ್ತಿದ್ದ ಪ್ರೋಗ್ರಾಮಿನ ಒಂದು ತುಂಡನ್ನು ತಂದು ನಮ್ಮಲ್ಲಿ ಸೇರಿಸುತ್ತೇವೆ. ಅಲ್ಲಿ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದ ಮಿಕ್ಕ ಭಾಗ ಇಲ್ಲಿರುವುದಿಲ್ಲ. ಮೊದಲ ದಿನ ಎಲ್ಲ ಸರಿಯಾಗೇ ನಡೆಯುತ್ತದೆ. ಆಮೇಲೆ ಮೆಮೊರಿಯನ್ನೆಲ್ಲ ಅದೇ ತಿನ್ನಲು ಶುರುಮಾಡುತ್ತದೆ. ಆದರೆ ನಾವು ಹಳೆಯ ಆವೃತ್ತಿಗೆ ವಾಪಸ್ ಹೋಗಬಹುದು. ಭೂಮಿಗೆ ಆ ಗುಂಡಿ ಇಲ್ಲ.

ಇಲ್ಲಿ ಒಂದು ಸ್ವಾರಸ್ಯ ಹೇಳಬೇಕು. ವಿಜಯದಶಮಿಯ ದಿನ ನಾವು ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಅನ್ನುತ್ತೇವಲ್ಲ, ಆ ಬನ್ನಿ ಮರ ಈ ಜಾಲಿಯ ಸಮೀಪದ ಬಂಧು. ಬನ್ನಿಗೆ ವಿಜ್ಞಾನಿಗಳು ಇಟ್ಟ ಹೆಸರು ಪ್ರೊಸೋಪಿಸ್ ಸಿನೆರೇರಿಯಾ. ಬನ್ನಿಯ ಬೇರೂ ಆಳ, ಅದೂ ಬರ ತಡೆಯುತ್ತದೆ, ಅದಕ್ಕೂ ಮುಳ್ಳಿದೆ. ಆದರೆ ಬನ್ನಿಯ ಸೊಪ್ಪನ್ನು ಕುರಿ ಮೇಕೆ ತಿನ್ನುತ್ತವೆ. ರಾಜಸ್ಥಾನದ ರೈತರು ಹೊಲದ ನಡುವೆ ಬನ್ನಿ ಉಳಿಸಿಕೊಂಡು ಅದರ ಬುಡದಲ್ಲೇ ಸಜ್ಜೆ ಬೆಳೆಯುತ್ತಾರೆ. ಇಬ್ಬರೂ ಒಂದೇ ಮನೆತನದವರು. ಒಬ್ಬ ಈ ನೆಲದ ಜೊತೆ ಬಾಳಿ ಕಲಿತವನು, ಇನ್ನೊಬ್ಬನಿಗೆ ಆ ರೂಢಿಯಿಲ್ಲ. ನಮ್ಮೂರಲ್ಲಿ ಈಗ ಉಳಿದಿರುವ ಬನ್ನಿ ಎಷ್ಟು? ಗುಡಿ ಮುಂದಿನದೊಂದು, ಹಳ್ಳದ ದಂಡೆಯ ಎರಡು. ನಾನು ಮೊನ್ನೆ ಎಣಿಸಿದೆ.

ಹುಲ್ಲು ಹೋದರೆ ಕುರಿ ಮಾತ್ರ ಹೋಗುವುದಿಲ್ಲ. ನೆಲದ ಮೇಲೆ ಗೂಡು ಕಟ್ಟುವ ನೆಲಗುಬ್ಬಿ, ಬಯಲಲ್ಲಿ ಓಡಿ ಬದುಕುವ ಚಿಗರಿ, ಅದನ್ನು ನಂಬಿದ ತೋಳ, ಎಲ್ಲದಕ್ಕೂ ಬೇಕಾದದ್ದು ತೆರೆದ ಬಯಲು. ನಮ್ಮ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ ತೋಳಗಳಿಗೆಂದೇ ಧಾಮ ಆಗಿದೆ. ಸಂತೋಷ. ಆದರೆ ತೋಳಕ್ಕೆ ಬೇಲಿಗಿಂತ ಹೆಚ್ಚಾಗಿ ಹುಲ್ಲಿನ ಬಯಲು ಬೇಕು. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯ ಮಾಡಿದರು. ಅಲ್ಲಿನ ಬಯಲಿನ ಬಹುಭಾಗದಲ್ಲಿ ನೀಲಗಿರಿ ನೆಡುತೋಪು ಬೆಳೆದುನಿಂತಿತು. ಒಂದು ಕಾಲದಲ್ಲಿ ಅಲ್ಲಿ ಎರೆಭೂತ ಹಕ್ಕಿ ಕಾಣುತ್ತಿತ್ತು. ಮನುಷ್ಯರ ಸೊಂಟದೆತ್ತರದ, ಬಯಲನ್ನೇ ನಂಬಿದ ಹಕ್ಕಿ. ಬೇಟೆಯೂ ಸೇರಿ, ಬಯಲು ಕಳೆದದ್ದೂ ಸೇರಿ, ಈಗ ಅಲ್ಲಿ ಅದಿಲ್ಲ.

ಇದು ನಮ್ಮೊಬ್ಬರ ಗೋಳಲ್ಲ. ಗುಜರಾತಿನ ಕಛ್‌ನಲ್ಲಿ ಬನ್ನಿ ಅನ್ನುವ ದೊಡ್ಡ ಹುಲ್ಲುಗಾವಲಿದೆ. ಹೆಸರು ಹಾಗಿದ್ದರೂ ನಮ್ಮ ಬನ್ನಿ ಮರಕ್ಕೂ ಅದಕ್ಕೂ ಸಂಬಂಧವಿಲ್ಲ. ಉಪ್ಪಿನ ಮರುಭೂಮಿ ಮುಂದೆ ಬರದಂತೆ ತಡೆಯಲು 1961ರಲ್ಲಿ ಅಲ್ಲಿ 31,000 ಹೆಕ್ಟೇರಿಗೂ ಹೆಚ್ಚು ಜಾಗದಲ್ಲಿ ಇದೇ ಜಾಲಿ ಹಾಕಿದರು. ಅಲ್ಲಿನ ದನಗಾಹಿಗಳು ಈಗ ಅದನ್ನು ಗಾಂಡೋ ಬಾವಳ್ ಅನ್ನುತ್ತಾರೆ. ಅಂದರೆ ಹುಚ್ಚು ಜಾಲಿ. ಆಫ್ರಿಕಾದ ಕೀನ್ಯಾದಲ್ಲಿ ಬರಿಂಗೊ ಎಂಬ ಪ್ರದೇಶಕ್ಕೆ 1980ರ ದಶಕದಲ್ಲಿ ಸೌದೆಗೆಂದು ಇದನ್ನು ತಂದರು. ಸಿಹಿ ಕಾಯಿ ತಿಂದೂ ತಿಂದೂ ಅಲ್ಲಿನ ಮೇಕೆಗಳ ಹಲ್ಲು ಹಾಳಾದವು. ಆ ಜನ ಸರ್ಕಾರದ ಮೇಲೆ ಕೋರ್ಟಿಗೆ ಹೋದಾಗ ಹಲ್ಲಿಲ್ಲದ ಮೇಕೆಯನ್ನೇ ಸಾಕ್ಷಿಯಾಗಿ ಕರೆದುಕೊಂಡು ಹೋಗಿದ್ದರು. ಓದಿದಾಗ ನಗು ಬಂತು, ಆಮೇಲೆ ಅಜ್ಜ ನೆನಪಾದರು. ಅಜ್ಜನಿಗೆ ಕೋರ್ಟಿಗೆ ಹೋಗಬಹುದು ಅಂತಲೇ ಗೊತ್ತಿರಲಿಲ್ಲ.

ಈಗ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಆಫೀಸಿನ ಗೆಳೆಯರೆಲ್ಲ ಸೇರಿ ಮಳೆಗಾಲದ ಒಂದು ಶನಿವಾರ ಬೆಂಗಳೂರಿನ ಹೊರಗಿನ ಬೋಳುಗುಡ್ಡಕ್ಕೆ ಬೀಜದುಂಡೆ ಎಸೆಯಲು ಹೋದೆವು. ಬೀಜ ತರುವ ಜವಾಬ್ದಾರಿ ನನ್ನದು. ಹೊಂಗೆ, ಬೇವು ತಂದೆ. ಕಡಿಮೆ ಬಿತ್ತು. ಅಗ್ಗ, ಬೇಗ ಮೊಳೆಯುತ್ತದೆ ಅಂತ ಒಂದು ಚೀಲ ಸುಬಾಬುಲ್ ಬೀಜವನ್ನೂ ಸೇರಿಸಿದೆ. ಎಸೆದೆವು, ಫೋಟೊ ತೆಗೆಸಿಕೊಂಡೆವು. ಆ ಫೋಟೊ ಅಪ್ಪನಿಗೆ ಕಳಿಸಿ, "ಖಾಲಿ ಗುಡ್ಡಕ್ಕೆ ಐದು ಸಾವಿರ ಬೀಜ ಹಾಕಿದ್ವಿ" ಅಂತ ಫೋನಿನಲ್ಲಿ ಹೇಳಿದೆ. ಅಪ್ಪ ಫೋಟೊವನ್ನು ಚೆನ್ನಾಗಿ ನೋಡಿದ್ದರು.

"ಖಾಲಿ ಗುಡ್ಡ ಅಂತ ಯಾರು ಹೇಳಿದ್ರು ನಿನಗ? ಅಲ್ಲಿ ಹುಲ್ಲು ಐತಲ್ಲೋ" ಅಂದರು.

ನಾನು ಮಾತಾಡಲಿಲ್ಲ. ಮುಂದಿನ ವರ್ಷ ಹೋಗಿ ನೋಡಿದರೆ ಹೊಂಗೆ, ಬೇವು ಬೆರಳೆಣಿಕೆಯಷ್ಟು. ಸುಬಾಬುಲ್ ಮಾತ್ರ ಎಲ್ಲೆಲ್ಲೂ ಎದ್ದಿತ್ತು. ಆಮೇಲೆ ಹುಡುಕಿದಾಗ ತಿಳಿಯಿತು. ಜಗತ್ತಿನ ಅತಿ ಹಾವಳಿಯ ನೂರು ಪರಕೀಯ ಜೀವಿಗಳು ಅಂತ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ತಜ್ಞರು ಮಾಡಿದ ಪಟ್ಟಿಯಲ್ಲಿ ನಮ್ಮ ಕಾಡು ತಿಂದ ಲಂಟಾನದ ಜೊತೆ ಈ ಸುಬಾಬುಲ್ಲೂ ಇದೆ! ಮೂರು ಭಾನುವಾರ ಹೋಗಿ ಕಿತ್ತೆವು. ಎಲ್ಲವೂ ಸಿಗಲಿಲ್ಲ. ಬೆಡ್ಡೋಮ್ ಸಾಹೇಬರು ಬೀಜ ತಂದಾಗ ಈ ತಿಳಿವಳಿಕೆ ಇರಲಿಲ್ಲ. ನನ್ನ ಜೇಬಿನಲ್ಲಿ ಮೊಬೈಲ್ ಇತ್ತು, ಎರಡು ನಿಮಿಷ ಹುಡುಕಲಿಲ್ಲ. ಯಾರ ತಪ್ಪು ದೊಡ್ಡದು, ನೀವೇ ಹೇಳಿ.

ಅಪ್ಪನ ಮಾತಿನಲ್ಲೇ ಇಡೀ ವಿಷಯ ಇದೆ ಅನಿಸುತ್ತದೆ. ಕಂದಾಯ ಬಾರದ ನೆಲಕ್ಕೆ ಬ್ರಿಟಿಷರು ಬೀಳು, ಬಂಜರು ಅಂತ ಬರೆದರು. ನಾವು ಅದನ್ನೇ ನಂಬಿದೆವು. ಮರ ಇಲ್ಲದ ಜಾಗ ಅಂದರೆ ಖಾಲಿ, ಖಾಲಿ ಅಂದರೆ ಏನಾದರೂ ನೆಡಬೇಕು. ಹುಲ್ಲುಗಾವಲು ಅರ್ಧಕ್ಕೆ ನಿಂತ ಕಾಡಲ್ಲ. ಅದು ತನ್ನಷ್ಟಕ್ಕೆ ತಾನೇ ತುಂಬಿದ ಮನೆ.

ಹಾಗಂತ ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಅಂತ ಯಾರೂ ತಿಳಿಯಬೇಡಿ. ಮಧ್ಯಾಹ್ನದ ಊಟಕ್ಕೆ ಬಡಿಸಿದ ಶೇಂಗಾ ಚಟ್ನಿಯಲ್ಲಿ ಶೇಂಗಾವೂ ಹೊರಗಿನದು, ಮೆಣಸಿನಕಾಯಿಯೂ ಹೊರಗಿನದು. ಎರಡೂ ಅಮೆರಿಕ ಖಂಡದಿಂದ ಬಂದವು. ಆದರೆ ಅವು ಬಿತ್ತಿದಲ್ಲಿ ಇರುತ್ತವೆ, ಬದು ಹಾರಿ ಗುಡ್ಡ ಹತ್ತುವುದಿಲ್ಲ. ಇನ್ನೊಂದು ಉದಾಹರಣೆ ಕಾಂಗ್ರೆಸ್ ಗಿಡದ್ದು. ಅದನ್ನು ತಿನ್ನುವ ಒಂದು ಜಾತಿಯ ದುಂಬಿಯನ್ನು ವಿಜ್ಞಾನಿಗಳು ಮೆಕ್ಸಿಕೊದಿಂದ ಬೆಂಗಳೂರಿಗೆ ತರಿಸಿ, ನಮ್ಮ ಬೆಳೆಗಳನ್ನು ತಿನ್ನುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡಿ, 1984ರಲ್ಲಿ ಬಯಲಿಗೆ ಬಿಟ್ಟರು. ಮಳೆಗಾಲದಲ್ಲಿ ಕಾಂಗ್ರೆಸ್ ಗಿಡ ತೂತುತೂತಾಗಿದ್ದರೆ ಅದು ಆ ದುಂಬಿಯ ಕೆಲಸ. ಅದೂ ಹೊರಗಿನದೇ. ವ್ಯತ್ಯಾಸ ಇರುವುದು ತರುವ ಮೊದಲು ಕೇಳಿದ ಪ್ರಶ್ನೆಯಲ್ಲಿ. ಅಲ್ಲಿ ಇದನ್ನು ತಡೆಯುತ್ತಿದ್ದವರು ಯಾರು, ಇಲ್ಲಿ ತಡೆಯುವವರು ಯಾರು? ಇದಿಷ್ಟು ಕೇಳದೆ ಒಂದು ಬೀಜವನ್ನೂ, ಒಂದು ಮೀನಿನ ಮರಿಯನ್ನೂ ಹೊಸ ಜಾಗಕ್ಕೆ ಬಿಡಬಾರದು.

ಈಗ ನಮ್ಮ ಮೈದಾನಕ್ಕೆ ಬರೋಣ. ಜೆಸಿಬಿ ತರಿಸಿ ಒಂದೇ ದಿನ ಬೋಳಿಸಿದರೆ ಮುಗಿಯುತ್ತದೆ ಅನಿಸಬಹುದು. ಮುಗಿಯುವುದಿಲ್ಲ. ಮಣ್ಣಿನೊಳಗೆ ಹಳೆಯ ಬೀಜಗಳಿವೆ, ಅವು ವರ್ಷಗಟ್ಟಲೆ ಕಾಯುತ್ತವೆ. ಮೊದಲ ಮಳೆಗೆ ಮತ್ತೆ ಏಳುತ್ತವೆ. ಇನ್ನೊಂದು ಮಾತು, ನಮ್ಮೂರಲ್ಲಿ ಇವತ್ತಿಗೂ ಜಾಲಿ ಸೌದೆಯಲ್ಲೇ ಒಲೆ ಉರಿಯುವ ಮನೆಗಳಿವೆ, ಇದ್ದಿಲಿನಿಂದಲೇ ನಡೆಯುವ ಸಂಸಾರಗಳಿವೆ. ಅವರ ಅನ್ನಕ್ಕೆ ಕಲ್ಲು ಹಾಕುವ ಮಾತನ್ನು ನನ್ನ ಬಾಯಿಂದ ನಾನು ಆಡಲಾರೆ.

ಅದಕ್ಕೆ 2006ರ ಎಸ್ಸೆಸ್ಸೆಲ್ಸಿ ಬ್ಯಾಚಿನ ನಾವು ನಿನ್ನೆ ರಾತ್ರಿ ಕೂತು ಮಾತಾಡಿದೆವು. ಶಾಲೆಯ ಮುಂದೆ ಸ್ವಾಗತ ಕಮಾನು ಕಟ್ಟಿಸಲು ನಾವು ಹಣ ಕೂಡಿಸಿದ್ದೆವು. ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿಯವರು ಒಪ್ಪಿದರೆ ಅದನ್ನು ಮೈದಾನಕ್ಕೆ ಕೊಡುತ್ತೇವೆ. ಇದ್ದಿಲು ಸುಡುವ ನಮ್ಮೂರವರೇ ಕೆಲಸ ಮಾಡಲಿ. ಕಡಿದ ಸೌದೆ ಅವರಿಗೇ ಇರಲಿ, ಬುಡ ಅಗೆದು ತೆಗೆದದ್ದಕ್ಕೆ ಕೂಲಿ ಬೇರೆ. ವರ್ಷಕ್ಕೆ ಸ್ವಲ್ಪ ಸ್ವಲ್ಪ ಜಾಗ ತೆಗೆಯೋಣ. ಅರ್ಧ ಜಾಗ ಆಟಕ್ಕೆ. ಅಂಚಿನಲ್ಲಿ ಬನ್ನಿ, ಬೇವು, ಬಾರಿ, ತಂಗಡಿ. ಒಂದು ಮೂಲೆಯಲ್ಲಿ ಏನೂ ನೆಡಬೇಡಿ. ಅಲ್ಲಿ ಹುಲ್ಲು ತಾನೇ ಬರಲಿ, ಏನೇನು ಬರುತ್ತದೆ ಅಂತ ನೋಡೋಣ.

ಹಣವನ್ನು ಒಂದೇ ಸಲ ಖರ್ಚು ಮಾಡಬೇಡಿ ಅನ್ನುವುದು ನಮ್ಮ ವಿನಂತಿ. ಗಿಡ ನೆಡುವ ದಿನಕ್ಕೆ ಜನ ಸಿಗುತ್ತಾರೆ, ಫೋಟೊಗೂ ಸಿಗುತ್ತಾರೆ. ಅದಾದ ಮೇಲಿನ ಐದು ಮಳೆಗಾಲ ಸಸಿ ಕೀಳುವವರು ಬೇಕು. ಜಾಲಿಯ ಎಳೆ ಸಸಿಯನ್ನು ಹಸಿ ಮಣ್ಣಿನಲ್ಲಿ ಎರಡು ಬೆರಳಿನಿಂದ ಕೀಳಬಹುದು. ಎರಡು ವರ್ಷ ಬಿಟ್ಟರೆ ಗುದ್ದಲಿ ಬೇಕು, ಐದು ವರ್ಷ ಬಿಟ್ಟರೆ ಜೆಸಿಬಿ.

ಮಕ್ಕಳೇ, ಎರಡು ಬೆರಳಿನ ಕೆಲಸ ನಿಮ್ಮದು. ಪ್ರತಿ ವರ್ಷ ಎಂಟನೇ ತರಗತಿಗೆ ಬಂದವರು ಒಂದು ನೋಟ್‌ಬುಕ್ ಇಡಿ. ಎಷ್ಟು ಜಾಲಿ ಸಸಿ ಕಿತ್ತಿರಿ, ಯಾವ ಹುಲ್ಲು ಬಂತು, ಯಾವ ಹಕ್ಕಿ ಕೂತಿತು ಅಂತ ತಾರೀಖು ಹಾಕಿ ಬರೆಯಿರಿ. ಹುಲ್ಲಿನ ಹೆಸರು ಗೊತ್ತಾಗದಿದ್ದರೆ ಗೂಗಲ್ ಕೇಳುವ ಮೊದಲು ಊರ ಕುರಿಗಾಹಿಗಳನ್ನು ಕೇಳಿ. ಅವರಲ್ಲಿ ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ.

ನಮ್ಮಪ್ಪನೂ ಈಗ ಅಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಬೆಳಗ್ಗೆ ಅವರನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ಈ ಯೋಜನೆ ಹೇಳಿದೆ. ಜಾಲಿಯ ಬುಡವನ್ನು ಕಾಲಿನಿಂದ ಒತ್ತಿ ನೋಡಿದರು. "ನಿನ್ನನ್ನ ಓದಿಸಿದ ಗಿಡ ಇದು, ಸುಮ್ಮನ ಕಿತ್ತು ಒಗಿಬ್ಯಾಡ. ಕೊನೇ ಭಟ್ಟಿ ನಾನ ಹಾಕ್ತೀನಿ" ಅಂದರು.

ಆ ಭಟ್ಟಿಯ ಇದ್ದಿಲು ಮಾರಿ ಬಂದ ಹಣದಲ್ಲಿ ಮೊದಲ ಬನ್ನಿ ಸಸಿ ತರೋಣ ಅಂತ ಆಸೆ. ನಿಮ್ಮೆಲ್ಲರ ಒಪ್ಪಿಗೆ ಬೇಡುತ್ತೇನೆ.